ಎಣ್ಣೆಯಲ್ಲದ ಎಣ್ಣೆ

ಬಾರಾನಗರದಲ್ಲಿ, ಬಿ.ಟಿ. ರೋಡಿನಿಂದ ಗಂಗೆಯ ಕಡೆಗೆ ಹೋಗುವ ಗಲ್ಲಿಗಳಲ್ಲೊಂದರಲ್ಲಿ ನಮ್ಮ ವಾಸ. ಕೇಂದ್ರ ಸರ್ಕಾರದ ವರ್ಗಾವಣೆಯ ಆದೇಶವೊಂದು ನಮ್ಮನ್ನು ಮೈಸೂರಿನಿಂದ ಇಲ್ಲಿಗೆ ತಂದು ಇಳಿಸಿ ನಾಲ್ಕು ವರ್ಷಗಳಾದವು. ಮನೆಯ ಸಾಮಾನಿನ ಹಿಂದೆಯೇ ನಮ್ಮ ಹಳೆಯ ಕಾರೂ ಬಂದಿತು. ಕಳೆದ ವರ್ಷ ಆ ಕಾರಿನ ಬ್ರೇಕ್ ದ್ರವವನ್ನು ನಾವೇ ಬದಲಿಸುವ ಸಂದರ್ಭ ಒದಗಿದಾಗ ಬಿಡಿಭಾಗಗಳ ಅಂಗಡಿಗೆ ಹೋಗಿ, ಡಬ್ಬಿಯ ಮೇಲೆ ಅಚ್ಚಾಗಿರುವ ಹೆಸರನ್ನೇ ಹಿಡಿದು 'ಬ್ರೇಕ್ ಫ್ಲೂಯಿಡ್' ಎಂದು ಕೇಳಿದೆವು. ಅಂಗಡಿಯವರು ಒಳಗಿದ್ದ ಹುಡುಗನನ್ನು ಕೂಗಿ 'ಬ್ರೇಕ್ ಆಯಿಲ್' ತರಲು ಹೇಳಿದರು. ಮೈಸೂರಿನಲ್ಲಿಯೂ ಹೀಗೆಯೇ ಆಗುತ್ತಿತ್ತು. ಭಾಷೆ ಬದಲಾದರೂ ಗ್ಯಾರೇಜಿನ ಹೆಸರು ಬದಲಾಗಿಲ್ಲ.

ಆದರೆ ಆ ಡಬ್ಬಿಯಲ್ಲಿರುವುದು ಎಣ್ಣೆಯಲ್ಲ. ಎಣ್ಣೆ ಎಂದೊಡನೆ ನಮಗೆ ಹೊಳೆಯುವ ಗುಣ, ಅದು ನೀರಿನೊಡನೆ ಬೆರೆಯದು ಎಂಬುದು. ಈ ದ್ರವವಾದರೋ ನೀರನ್ನು ಕುಡಿಯುತ್ತದೆ. ತೆರೆದಿಟ್ಟರೆ ಗಾಳಿಯಲ್ಲಿರುವ ತೇವವನ್ನೂ ಬಿಡದೆ ಎಳೆದುಕೊಳ್ಳುತ್ತದೆ. ಹೀಗಿರುವಾಗ ಎಣ್ಣೆ ಎಂಬ ಹೆಸರು ಏಕೆ ಉಳಿಯಿತು? ಉತ್ತರ ಹುಡುಕುತ್ತಾ ಹೋದಂತೆ ನೂರು ವರ್ಷಗಳ ಇತಿಹಾಸವೊಂದು ತೆರೆದುಕೊಂಡಿತು. ಆ ಇತಿಹಾಸವನ್ನು ಮೊದಲೇ ಅರಿತಿದ್ದರೆ ಕುರ್ಸಿಯಾಂಗಿನ ಇಳಿಜಾರಿನಲ್ಲಿ ನಮಗೆ ಆ ಒಂದು ಸಂಜೆ ಬರುತ್ತಿರಲಿಲ್ಲ.

ಅದು ಪೂಜೆಯ ರಜೆ. ನಾವು, ಶ್ರೀಮತಿಯವರು, ಒಂಬತ್ತನೆಯ ತರಗತಿಯ ಮಗ, ಊರಿನಿಂದ ಬಂದಿದ್ದ ಅಮ್ಮ, ನಾಲ್ವರೂ ಕಾರಿನಲ್ಲಿಯೇ ಉತ್ತರ ಬಂಗಾಳಕ್ಕೆ ಹೋಗಿದ್ದೆವು. ಹೊರಡುವ ಮುನ್ನ ಒಂದು ವರ್ಕ್‌ಶಾಪಿನಲ್ಲಿ ಸರ್ವೀಸ್ ಮಾಡಿಸಿದ್ದೆವು. ಅವರು ಕೊಟ್ಟ ಕಾಗದದಲ್ಲಿ ಬ್ರೇಕ್ ಆಯಿಲ್ ಎಂಬುದರ ಎದುರಿಗೆ ಸರಿ ಇದೆಯೆಂಬ ಗುರುತಿತ್ತು. ಕುರ್ಸಿಯಾಂಗ್ ಸಮುದ್ರಮಟ್ಟದಿಂದ 1,400 ಮೀಟರಿಗೂ ಮೇಲಿದೆ. ಅಲ್ಲಿಂದ ರೋಹಿಣಿ ರಸ್ತೆಯಲ್ಲಿ ಸಿಲಿಗುರಿಯ ಕಡೆಗೆ ಇಳಿಯುತ್ತಿದ್ದಾಗ, ತಿರುವಿನ ಮೇಲೆ ತಿರುವು ದಾಟಿ, ಬ್ರೇಕಿನ ಮೇಲಿನ ಕಾಲನ್ನು ತೆಗೆಯದೆ ಬರುತ್ತಿದ್ದೆವು. ಒಂದೆಡೆ ಪೆಡಲು ಮೆತ್ತಗಾಯಿತು. ಮುಂದಿನ ತಿರುವಿನಲ್ಲಿ ಅದು ಹತ್ತಿಯ ದಿಂಬನ್ನು ಒತ್ತಿದಂತೆ ನೆಲದವರೆಗೆ ಇಳಿಯಿತು, ಕಾರು ನಿಲ್ಲಲಿಲ್ಲ. ಗೇರನ್ನು ಎರಡಕ್ಕೆ, ಬಳಿಕ ಒಂದಕ್ಕೆ ತಂದು, ಕೈಬ್ರೇಕನ್ನು ಮೆಲ್ಲಗೆ ಎಳೆಯುತ್ತಾ, ಬೆಟ್ಟದ ಬದಿಯ ಚರಂಡಿಗೆ ಒಂದು ಗಾಲಿಯನ್ನು ಇಳಿಸಿ ನಿಲ್ಲಿಸಿದೆವು. ಅಮ್ಮ ಏನೂ ಮಾತನಾಡಲಿಲ್ಲ. ಸೆರಗಿನ ತುದಿಯನ್ನು ಹಿಡಿದುಕೊಂಡು ಕುಳಿತಿದ್ದರು.

ಹಿಂದೆ ಬರುತ್ತಿದ್ದ ಜೀಪಿನ ಚಾಲಕ ಇಳಿದು ಬಂದು, ಗಾಲಿಯ ಬಳಿ ಮೂಗು ಹಿಡಿದು ನೋಡಿ, ಅರ್ಧ ಗಂಟೆ ತಣ್ಣಗಾಗಲು ಬಿಡಿ ಎಂದ. ಬಿಟ್ಟೆವು. ಆಮೇಲೆ ಒತ್ತಿ ನೋಡಿದರೆ ಪೆಡಲು ಎಂದಿನಂತೆ ಗಟ್ಟಿಯಾಗಿತ್ತು! ಸಿಲಿಗುರಿಯಲ್ಲಿ ತೋರಿಸಿದಾಗ ಯಾವ ದೋಷವೂ ಸಿಗಲಿಲ್ಲ. ದ್ರವದ ಡಬ್ಬಿ ಮೇಲಿನ ಗೆರೆಯವರೆಗೆ ತುಂಬಿತ್ತು. "ರೀ, ತುಂಬಿದ್ದರೂ ಹೀಗಾಯಿತಲ್ಲ, ಹಾಗಾದರೆ ತುಂಬಿದೆಯೋ ಇಲ್ಲವೋ ಎಂದು ನೋಡುವುದು ಏತಕ್ಕೆ?" ಎಂದು ಶ್ರೀಮತಿಯವರು ಕೇಳಿದ ಪ್ರಶ್ನೆಯೇ ಈ ಬರಹದ ಮೂಲ.

ಇಳಿಯುವ ವಾಹನವನ್ನು ತಡೆಯುವುದು ಹಳೆಯ ಸಮಸ್ಯೆ. ನಮ್ಮ ಜಾತ್ರೆಗಳಲ್ಲಿ ತೇರು ಓಡದಂತೆ ಗಾಲಿಯ ಕೆಳಗೆ ಮರದ ತುಂಡು ಕೊಡುವವರನ್ನು ಎಲ್ಲರೂ ಕಂಡಿದ್ದೇವೆ. ಎತ್ತಿನ ಗಾಡಿಗೆ 'ಬಿರಿ' ಇರುತ್ತಿತ್ತು. ಗಾಲಿಯ ಅಂಚಿಗೆ ಮರದ ದಿಮ್ಮಿಯನ್ನು ಒತ್ತಿ ಹಿಡಿಯುವ ಉಪಾಯವದು. ಮೊದಲ ಮೋಟಾರು ಕಾರುಗಳೂ ಇದೇ ಮನೆತನದವು. ಚಾಲಕನ ಕಾಲಿನಿಂದ ಗಾಲಿಯವರೆಗೆ ಕಬ್ಬಿಣದ ಸರಳುಗಳು ಇಲ್ಲವೇ ತಂತಿಗಳು ಹೋಗುತ್ತಿದ್ದವು. ಅವುಗಳ ತೊಂದರೆಯೆಂದರೆ ನಾಲ್ಕು ಗಾಲಿಗಳಿಗೆ ಸಮನಾದ ಬಲ ಮುಟ್ಟದಿರುವುದು. ಒಂದು ತಂತಿ ಸಡಿಲವಾದರೆ ಕಾರು ಒಂದು ಬದಿಗೆ ಎಳೆಯುತ್ತಿತ್ತು. ಈ ಕಾರಣದಿಂದಲೇ ಬಹುಕಾಲ ಹೆಚ್ಚಿನ ಕಾರುಗಳಿಗೆ ಹಿಂದಿನ ಗಾಲಿಗಳಿಗೆ ಮಾತ್ರ ಬ್ರೇಕಿತ್ತು.

ಪರಿಹಾರದ ತತ್ತ್ವ ಹದಿನೇಳನೆಯ ಶತಮಾನದಲ್ಲಿಯೇ ತಿಳಿದಿತ್ತು. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದೆಡೆ ಒತ್ತಡ ಹಾಕಿದರೆ ಅದು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂದು ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಬರೆದಿಟ್ಟಿದ್ದ. ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಅದೇ ತತ್ತ್ವದ ಮೇಲೆ ನೀರಿನ ಒತ್ತುಯಂತ್ರಕ್ಕೆ ಪೇಟೆಂಟ್ ಪಡೆದ. ಅದನ್ನು ಕಾರಿನ ಬ್ರೇಕಿಗೆ ಯಶಸ್ವಿಯಾಗಿ ತಂದವನು ಅಮೆರಿಕದ ಮಾಲ್ಕಮ್ ಲಾಕ್‌ಹೀಡ್. ಅಣ್ಣತಮ್ಮಂದಿರು ಕೂಡಿ ವಿಮಾನ ಕಟ್ಟುತ್ತಿದ್ದರು. ಮೊದಲ ಮಹಾಯುದ್ಧ ಮುಗಿದ ಮೇಲೆ ಮಾಲ್ಕಮ್ ವಿಮಾನವನ್ನು ಬಿಟ್ಟು ಬ್ರೇಕಿನ ಕಡೆಗೆ ತಿರುಗಿದ. ವಿಮಾನವನ್ನು ಬಿಡದ ಆಲನ್ ಮುಂದೆ 1926ರಲ್ಲಿ ಲಾಕ್‌ಹೀಡ್ ವಿಮಾನ ಸಂಸ್ಥೆಯನ್ನು ಕಟ್ಟಿದ. ಆಕಾಶದಲ್ಲಿ ಓಡುವುದಕ್ಕೂ ನೆಲದಲ್ಲಿ ನಿಲ್ಲುವುದಕ್ಕೂ ಒಂದೇ ಮನೆಯ ಹೆಸರು ಅಂಟಿದ್ದು ಹೀಗೆ. ನಾಲ್ಕೂ ಗಾಲಿಗಳಿಗೆ ದ್ರವದ ಬ್ರೇಕುಳ್ಳ ಪ್ರಯಾಣಿಕರ ಕಾರು 1921ರಲ್ಲಿ ಡ್ಯೂಸೆನ್‌ಬರ್ಗ್ ಕಂಪನಿಯಿಂದ ಬಂದಿತು; ಸಾಮಾನ್ಯರಿಗೆ ಎಟುಕುವ ಬೆಲೆಗೆ 1924ರಲ್ಲಿ ಕ್ರೈಸ್ಲರ್ ತಂದಿತು. ಹೆನ್ರಿ ಫೋರ್ಡನ ಕಂಪನಿ ಮಾತ್ರ ದ್ರವವನ್ನು ನಂಬದೆ, 1939ರ ಮಾದರಿಗಳು ಬರುವವರೆಗೂ ಸರಳು ತಂತಿಗಳನ್ನೇ ಹಿಡಿದುಕೊಂಡಿತ್ತು.

ಫೋರ್ಡನ ಶಂಕೆಯನ್ನು ನಗೆಯಾಡುವಂತಿಲ್ಲ. ರೋಹಿಣಿ ರಸ್ತೆಯಲ್ಲಿ ಕಾಲಬ್ರೇಕು ಕೈಬಿಟ್ಟಾಗ ನಮ್ಮನ್ನು ಉಳಿಸಿದ್ದು ಕೈಬ್ರೇಕು. ಅದಕ್ಕೆ ದ್ರವದ ಹಂಗಿಲ್ಲ, ಅದು ಇಂದಿಗೂ ತಂತಿಯಿಂದಲೇ ನಡೆಯುತ್ತದೆ.

ಲಾಕ್‌ಹೀಡನ ಮೊದಲ ಬ್ರೇಕುಗಳು ಸೋರುತ್ತಿದ್ದವು. ಕೊಳವೆಯೊಳಗಿನ ಆಡುಬೆಣೆಗೆ ಆತ ತೊಗಲಿನ ಬಿಗಿಪಟ್ಟಿಗಳನ್ನು ಹಾಕಿದ್ದ; ಅವು ಒಣಗಿ ಸಂದುಬಿಡುತ್ತಿದ್ದವು. ಕ್ರೈಸ್ಲರ್ ಎಂಜಿನಿಯರುಗಳು ತೊಗಲಿನ ಬದಲು ರಬ್ಬರಿನ ಬಟ್ಟಲುಗಳನ್ನು ಹಾಕಿದರು. ಇಲ್ಲಿಂದ ಮುಂದಿನ ಕಥೆಯನ್ನೆಲ್ಲ ನಡೆಸಿದ್ದು ರಬ್ಬರು. ಪೆಟ್ರೋಲಿಯಂ ಮೂಲದ ಎಣ್ಣೆ ತಗುಲಿದರೆ ಆ ಕಾಲದ ರಬ್ಬರು ಊದಿ ಮೆತ್ತಗಾಗಿ ಕೆಡುತ್ತಿತ್ತು. ಬರಿಯ ನೀರು ಹಾಕಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ಚಳಿ ನಾಡುಗಳಲ್ಲಿ ಹೆಪ್ಪುಗಟ್ಟುತ್ತದೆ. ರಬ್ಬರನ್ನು ಕೆಡಿಸದ, ಲೋಹವನ್ನು ಜಾರಿಸುವ, ಚಳಿಗೆ ಗಟ್ಟಿಯಾಗದ ವಸ್ತು ಬೇಕಾಗಿತ್ತು. ಅದು ಸಿಕ್ಕಿದ್ದು ನಮ್ಮ ಅಜ್ಜಿಯರ ಕಪಾಟಿನಲ್ಲಿದ್ದ ಹರಳೆಣ್ಣೆಯಲ್ಲಿ.

ಉತ್ತರ ಕರ್ನಾಟಕದವರು ಔಡಲ ಎಣ್ಣೆ ಎನ್ನುವ ಈ ಹರಳೆಣ್ಣೆಯನ್ನು ಕನ್ನಡದ ಓದುಗರಿಗೆ ಪರಿಚಯಿಸಬೇಕಾಗಿಲ್ಲ. ತಲೆಗೆ ಹಚ್ಚಿ, ಹೊಟ್ಟೆಗೆ ಕುಡಿಸಿ, ದೀಪಕ್ಕೆ ಉರಿಸಿ ನಮ್ಮ ಹಿರಿಯರು ಬಳಸಿದ ಎಣ್ಣೆಯದು. ಯಂತ್ರಲೋಕವೂ ಅದನ್ನು ಬೇಗ ಗುರುತಿಸಿತು. ಮೊದಲ ಮಹಾಯುದ್ಧದ ಅನೇಕ ವಿಮಾನಗಳ ಎಂಜಿನ್ನುಗಳು ಹರಳೆಣ್ಣೆಯ ಮೇಲೆ ಓಡಿದವು; ಕ್ಯಾಸ್ಟ್ರಾಲ್ ಎಂಬ ಪ್ರಸಿದ್ಧ ಹೆಸರಿನೊಳಗೆ ಹರಳಿನ ಇಂಗ್ಲಿಷ್ ಹೆಸರೇ ಅಡಗಿದೆ. ಬ್ರೇಕಿಗೆ ಅದು ಒಗ್ಗಿದ್ದಕ್ಕೆ ಎರಡು ಕಾರಣಗಳು. ಒಂದು, ಅದು ರಬ್ಬರಿಗೆ ಹಾನಿ ಮಾಡದು. ಎರಡು, ಬೇರೆ ಗಿಡಗಳ ಎಣ್ಣೆಗಳಂತಲ್ಲದೆ ಅದು ಆಲ್ಕೊಹಾಲಿನಲ್ಲಿ ಸಲೀಸಾಗಿ ಕರಗುತ್ತದೆ. ತೀರ ಮಂದವಾದ ಹರಳೆಣ್ಣೆಗೆ ಆಲ್ಕೊಹಾಲು ಸೇರಿಸಿ ತೆಳುವಾಗಿಸಿದರೆ ಸಣ್ಣ ಕೊಳವೆಯಲ್ಲಿ ಹರಿಯುವ ಬ್ರೇಕ್ ದ್ರವ ಸಿದ್ಧ. ಎರಡನೆಯ ಮಹಾಯುದ್ಧದವರೆಗೂ, ಕೆಲವೆಡೆ ಅದರ ನಂತರವೂ, ಕಾರುಗಳ ಬ್ರೇಕಿನಲ್ಲಿ ಹರಿದದ್ದು ಬಹುಮಟ್ಟಿಗೆ ಇಂಥ ಮಿಶ್ರಣಗಳೇ. ಗ್ಯಾರೇಜಿನ 'ಬ್ರೇಕ್ ಆಯಿಲ್' ಎಂಬ ಮಾತು ಆ ಕಾಲದ ನೆನಪನ್ನು ಹೊತ್ತಿರಬೇಕೆಂದು ನಮ್ಮ ಊಹೆ. ಅಂದು ಅದು ನಿಜವಾಗಿಯೂ ಎಣ್ಣೆಯಾಗಿತ್ತು. ದ್ರವ ಬದಲಾಯಿತು, ಹೆಸರು ನಿಂತಿತು.

ಹೆಸರಿನ ಈ ತಪ್ಪು ನಿರಪಾಯಕಾರಿಯಲ್ಲ. ಎಣ್ಣೆ ಎಂದ ಮೇಲೆ ಯಾವ ಎಣ್ಣೆಯಾದರೇನು ಎಂದು ಎಂಜಿನ್ ಆಯಿಲನ್ನು ಬ್ರೇಕಿನ ಡಬ್ಬಿಗೆ ಸುರಿದರೆ ಒಳಗಿನ ರಬ್ಬರೆಲ್ಲ ಊದಿ, ಇಡೀ ವ್ಯವಸ್ಥೆಯನ್ನು ಬಿಚ್ಚಿ ಹೊಸದಾಗಿ ಕಟ್ಟಬೇಕಾಗುತ್ತದೆ.

ಹರಳೆಣ್ಣೆಯ ಮಿಶ್ರಣಕ್ಕೆ ಒಂದು ದೊಡ್ಡ ದೌರ್ಬಲ್ಯವಿತ್ತು: ಅದರಲ್ಲಿದ್ದ ಆಲ್ಕೊಹಾಲು ಬಿಸಿಗೆ ಬೇಗ ಆವಿಯಾಗುತ್ತಿತ್ತು. ಬಿಸಿ ಎಷ್ಟೆಂಬುದನ್ನು ಒಂದು ಲೆಕ್ಕದಿಂದ ಹೇಳಬಹುದು. ಜನ, ಸಾಮಾನು ಸೇರಿ 1,200 ಕಿಲೋ ತೂಗುವ ಕಾರು 1,000 ಮೀಟರ್ ಕೆಳಗಿಳಿದರೆ ಅದು ಕಳೆದುಕೊಳ್ಳುವ ಶಕ್ತಿ, ಸುಮಾರು 38 ಲೀಟರ್ ತಣ್ಣೀರನ್ನು ಕುದಿಸಲು ಸಾಕು. ಬಚ್ಚಲಿನ ದೊಡ್ಡ ಹಂಡೆಯೊಂದರ ನೀರು ಎಂದಿಟ್ಟುಕೊಳ್ಳೋಣ. ಇದರಲ್ಲಿ ಒಂದು ಪಾಲನ್ನು ಗಾಳಿಯ ತಡೆ ನುಂಗುತ್ತದೆ. ಸಣ್ಣ ಗೇರಿನಲ್ಲಿದ್ದರೆ ಎಂಜಿನ್ ಒಳ್ಳೆಯ ಪಾಲು ಹೊರುತ್ತದೆ. ಹತ್ತುವ ಗೇರಿನಲ್ಲೇ ಘಾಟಿ ಇಳಿಯಬೇಕು ಎಂದು ಆಗುಂಬೆ, ಚಾರ್ಮಾಡಿಗಳ ಹಳೆಯ ಚಾಲಕರು ಹೇಳುವುದು ಇದಕ್ಕೇ. ನಮ್ಮಂತೆ ಮೇಲಿನ ಗೇರಿನಲ್ಲಿ ಬ್ರೇಕನ್ನೇ ನಂಬಿ ಇಳಿದರೆ ಆ ಹಂಡೆಯ ಬಹುಪಾಲು ಬಿಸಿ ನಾಲ್ಕು ಗಾಲಿಗಳ ನಡುವೆ ಹುಟ್ಟುತ್ತದೆ.

ದ್ರವ ಕುದಿದರೆ ಏನಾಗುತ್ತದೆ? ದ್ರವವನ್ನು ಹಿಂಡಲಾಗದು; ಆದ್ದರಿಂದಲೇ ಕಾಲಿನ ಬಲ ಗಾಲಿಗೆ ಮುಟ್ಟುತ್ತದೆ. ಆವಿಯನ್ನಾದರೋ ಸುಲಭವಾಗಿ ಹಿಂಡಬಹುದು. ಸಾಮಾನ್ಯ ವಾಯುಭಾರದಲ್ಲಿ ನೀರು ಆವಿಯಾದಾಗ ಸುಮಾರು 1,600 ಪಟ್ಟು ಜಾಗ ಬೇಡುತ್ತದೆ. ಎಂದರೆ ಒಂದು ಹನಿಯ ಆವಿಯೂ ಸಣ್ಣದಲ್ಲ. ಆ ಗುಳ್ಳೆಯನ್ನು ಹಿಂಡುವುದರಲ್ಲಿಯೇ ಪೆಡಲಿನ ಓಟ ಮುಗಿದುಹೋಗುತ್ತದೆ. ತಣಿದ ಮೇಲೆ ಆವಿ ಮತ್ತೆ ದ್ರವವಾಗುತ್ತದೆ, ಪೆಡಲು ಗಟ್ಟಿಯಾಗುತ್ತದೆ, ಯಾವ ಗುರುತೂ ಉಳಿಯುವುದಿಲ್ಲ. ಸಿಲಿಗುರಿಯಲ್ಲಿ ದೋಷ ಸಿಗದಿದ್ದುದು ಮೆಕ್ಯಾನಿಕನ ಅಜಾಗರೂಕತೆಯಿಂದಲ್ಲ. ನೋಡಲು ಅಲ್ಲಿ ಏನೂ ಇರಲಿಲ್ಲ.

1950ರ ದಶಕದಲ್ಲಿ ಡಿಸ್ಕ್ ಬ್ರೇಕುಗಳು ಬಂದಾಗ ಈ ಸಮಸ್ಯೆ ತೀವ್ರವಾಯಿತು. 1953ರ ಲೆ ಮಾನ್ಸ್ ಓಟವನ್ನು ಡಿಸ್ಕ್ ಬ್ರೇಕುಳ್ಳ ಜಾಗ್ವಾರ್ ಗೆದ್ದಿತು. 1955ರ ಸಿಟ್ರೊಯೆನ್ ಡಿ.ಎಸ್. ಅದನ್ನು ಮನೆಬಳಕೆಯ ಕಾರಿಗೆ ತಂದಿತು. ಡಿಸ್ಕಿನಲ್ಲಿ ದ್ರವವಿರುವ ಆಡುಬೆಣೆ ಕಾದ ಪ್ಯಾಡಿನ ಬೆನ್ನಿಗೇ ಅಂಟಿಕೊಂಡಿರುತ್ತದೆ. ಬಿಸಿ ನೇರವಾಗಿ ದ್ರವಕ್ಕೆ ತಾಗುತ್ತದೆ. ಹರಳೆಣ್ಣೆಯ ಕಾಲ ಮುಗಿದು ಗ್ಲೈಕಾಲ್ ಈಥರ್ ಎಂಬ ರಾಸಾಯನಿಕಗಳ ಕಾಲ ಬಂದಿತು. ಇವು ರಬ್ಬರಿಗೆ ಒಗ್ಗುತ್ತವೆ, ಹೆಚ್ಚು ಬಿಸಿಗೆ ನಿಲ್ಲುತ್ತವೆ. ಆದರೆ ನೀರನ್ನು ಹೀರುತ್ತವೆ. ಡಬ್ಬಿಯ ಮುಚ್ಚಳದ ಸಣ್ಣ ರಂಧ್ರದಿಂದ, ಗಾಲಿಗೆ ಹೋಗುವ ರಬ್ಬರ್ ಕೊಳವೆಗಳ ಮೈಯಿಂದಲೇ, ತೇವ ಒಳಸೇರುತ್ತದೆ.

ಅಮೆರಿಕದ ಸಾರಿಗೆ ಇಲಾಖೆ ಮಾಡಿದ ವರ್ಗೀಕರಣವೇ ಇಂದು ಜಗತ್ತಿನ ಡಬ್ಬಿಗಳ ಮೇಲಿದೆ. ಡಾಟ್ 3 ಎಂಬ ದ್ರವ ಹೊಸದಾಗಿರುವಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಡಾಟ್ 4 ಆದರೆ 230. ಇದರ ಜೊತೆಗೆ ಇನ್ನೊಂದು ಅಂಕಿಯೂ ಉಂಟು. ದ್ರವದಲ್ಲಿ ಶೇಕಡಾ 3.7ರಷ್ಟು ನೀರು ಸೇರಿದಾಗ ಅದು ಎಷ್ಟು ಬಿಸಿಗೆ ಕುದಿಯುತ್ತದೆ ಎಂಬುದು. ಡಾಟ್ 3ಕ್ಕೆ ಅದು ಕನಿಷ್ಠ 140, ಡಾಟ್ 4ಕ್ಕೆ 155. ನೂರರಲ್ಲಿ ನಾಲ್ಕು ಪಾಲೂ ಇಲ್ಲದ ನೀರು ಅರವತ್ತು, ಎಪ್ಪತ್ತು ಡಿಗ್ರಿಗಳನ್ನು ಕಸಿದುಕೊಳ್ಳುತ್ತದೆ ಎಂದಾಯಿತು.

ನೀರು ಕುಡಿಯದ ದ್ರವವನ್ನೇ ಏಕೆ ಹಾಕಬಾರದು? ಈ ಪ್ರಶ್ನೆಯನ್ನು ನಮ್ಮ ಮಗ ಕೇಳಿದ, ಎಂಜಿನಿಯರುಗಳೂ ಕೇಳಿಕೊಂಡಿದ್ದಾರೆ. ಸಿಟ್ರೊಯೆನ್ ಕಂಪನಿ 1960ರ ದಶಕದಲ್ಲಿ ತನ್ನ ಕಾರುಗಳಿಗೆ ಹಸಿರು ಬಣ್ಣದ ಖನಿಜತೈಲವನ್ನು ತಂದಿತು, ಆದರೆ ಅದಕ್ಕಾಗಿ ಒಳಗಿನ ರಬ್ಬರನ್ನೆಲ್ಲ ಬೇರೆ ಜಾತಿಯದಾಗಿ ಮಾಡಬೇಕಾಯಿತು. ಡಾಟ್ 5 ಎಂಬ ಸಿಲಿಕೋನ್ ದ್ರವವೂ ಬಂದಿತು. ವರ್ಷಗಟ್ಟಲೆ ನಿಂತಿರುವ ವಾಹನಗಳಿಗಾಗಿ ಅಮೆರಿಕದ ಸೈನ್ಯ ಅದನ್ನು ಬಳಸಿತು. ಸಿಲಿಕೋನ್ ನೀರನ್ನು ಹತ್ತಿರಕ್ಕೆ ಸೇರಿಸುವುದಿಲ್ಲ. ಆದರೆ ಹೇಗೋ ಒಳಬಂದ ನೀರು ಅಲ್ಲಿ ಕರಗದೆ ಹನಿಯಾಗಿಯೇ ಉಳಿದು, ಎಲ್ಲಕ್ಕಿಂತ ತಗ್ಗಿನಲ್ಲಿರುವ, ಎಲ್ಲಕ್ಕಿಂತ ಹೆಚ್ಚು ಕಾಯುವ ಗಾಲಿಯ ಬಳಿ ಸೇರುತ್ತದೆ. ಆ ಹನಿ 100 ಡಿಗ್ರಿಗೇ ಕುದಿಯುತ್ತದೆ; ಕುದಿಯುವ ತನಕ ಸುತ್ತಲಿನ ಲೋಹವನ್ನು ತಿನ್ನುತ್ತದೆ. ಗ್ಲೈಕಾಲ್ ದ್ರವ ನೀರನ್ನು ತನ್ನೊಳಗೆ ಹಂಚಿಕೊಂಡು ಮೆಲ್ಲಮೆಲ್ಲನೆ ಕೆಡುತ್ತದೆ. ಮೆಲ್ಲನೆ ಕೆಡುವುದನ್ನು ಕಾಲಕಾಲಕ್ಕೆ ಬದಲಿಸಬಹುದು. ಆದ್ದರಿಂದ ಬಹುತೇಕ ಕಾರುಗಳ ಲೋಕ ಕುಡಿಯುವ ದ್ರವವನ್ನೇ ಇಟ್ಟುಕೊಂಡಿತು, ಬದಲಿಸುತ್ತಿರಬೇಕು ಎಂಬ ಷರತ್ತಿನ ಮೇಲೆ. ಅನೇಕ ತಯಾರಕರು ಎರಡು ವರ್ಷಗಳ ಗಡುವು ಹೇಳುತ್ತಾರೆ. ಆ ಷರತ್ತನ್ನು ನಾವು ಮರೆತಿದ್ದೆವು. ಮೈಸೂರಿನಲ್ಲಿ ಹಾಕಿಸಿದ್ದ ದ್ರವ ಬಾರಾನಗರದ ಮಳೆಗಾಲಗಳನ್ನೂ, ಗಂಗೆಯ ದಡದ ಬೆವರಿಳಿಸುವ ಬೇಸಿಗೆಗಳನ್ನೂ ಕುಡಿದುಕೊಂಡು ಐದು ವರ್ಷ ಹಾಗೆಯೇ ಇತ್ತು.

ಇದೆಲ್ಲ ಓದಿದ ಮೇಲೂ ಒಂದು ಸಂದೇಹ ಉಳಿದಿತ್ತು. ಗುಣ ಕೆಡುವುದು ಇಷ್ಟು ಮುಖ್ಯವಾದರೆ, ಎಲ್ಲರೂ ಮಟ್ಟವನ್ನಷ್ಟೇ ನೋಡುವ ಪದ್ಧತಿ ಎಲ್ಲಿಂದ ಬಂದಿತು? ಅದಕ್ಕೆ ಉತ್ತರ ಕೊಟ್ಟವರು ನಮ್ಮ ಗಲ್ಲಿಯ ಹಿರಿಯರೊಬ್ಬರು. ಮೂವತ್ತು ವರ್ಷ ಹಳದಿ ಅಂಬಾಸಡರ್ ಟ್ಯಾಕ್ಸಿ ಓಡಿಸಿದವರು. ಗಲ್ಲಿಯವರೆಲ್ಲ ಕಾಕು ಎಂದು ಕರೆಯುತ್ತಾರೆ, ನಾವೂ ಹಾಗೆಯೇ ಕರೆಯುತ್ತೇವೆ.

ಅಂಬಾಸಡರ್ ಹುಟ್ಟಿದ್ದು ನಮ್ಮ ಮನೆಯಿಂದ ನದಿ ದಾಟಿದರೆ ಸಿಗುವ ಉತ್ತರಪಾಡಾದಲ್ಲಿ. ದಕ್ಷಿಣೇಶ್ವರದ ಬಳಿ ಬಾಲಿ ಸೇತುವೆಯನ್ನು ದಾಟಿ ಉತ್ತರಕ್ಕೆ ತಿರುಗಿದರೆ ಆ ಕಾರ್ಖಾನೆಯ ಹೆಸರನ್ನೇ ಹೊತ್ತ ಹಿಂದ್‌ಮೋಟರ್ ರೈಲು ನಿಲ್ದಾಣವಿದೆ. 1942ರಲ್ಲಿ ಗುಜರಾತಿನ ಓಖಾದಲ್ಲಿ ಆರಂಭವಾದ ಹಿಂದೂಸ್ತಾನ್ ಮೋಟರ್ಸ್ 1948ರಲ್ಲಿ ಇಲ್ಲಿಗೆ ಬಂದಿತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಅಚ್ಚಿನಲ್ಲಿ 1950ರ ದಶಕದ ಕೊನೆಗೆ ಹುಟ್ಟಿದ ಅಂಬಾಸಡರ್ 2014ರ ಮೇ ತಿಂಗಳವರೆಗೂ ತಯಾರಾಯಿತು. ಬಹುಕಾಲ ಅದಕ್ಕೆ ನಾಲ್ಕೂ ಕಡೆ ಡ್ರಮ್ ಬ್ರೇಕುಗಳು. ಅದೇ ಮನೆತನದ ಮಾರಿಸ್ ಮೈನರ್ ಕಾರಿನಲ್ಲಿ ಬ್ರೇಕಿನ ಮಾಸ್ಟರ್ ಸಿಲಿಂಡರ್ ಚಾಲಕನ ಕಾಲಡಿಯ ನೆಲದ ಕೆಳಗಿತ್ತು. ದ್ರವ ಹಾಕಲು ನೆಲಹಾಸನ್ನು ಎತ್ತಿ, ಮುಚ್ಚಳ ತೆಗೆಯಬೇಕಿತ್ತು. ಬ್ರೇಕಿನ ಬಿಡಿಭಾಗಗಳನ್ನು ನಮ್ಮ ದೇಶದಲ್ಲಿಯೇ ತಯಾರಿಸಲು ಟಿ.ವಿ.ಎಸ್. ಬಳಗ ಮತ್ತು ಇಂಗ್ಲೆಂಡಿನ ಲೂಕಾಸ್ ಕೂಡಿ ಮದರಾಸಿನಲ್ಲಿ ಬ್ರೇಕ್ಸ್ ಇಂಡಿಯಾ ಸಂಸ್ಥೆಯನ್ನು ಕಟ್ಟಿದ್ದು 1962ರಲ್ಲಿ.

ಕಾಕು ಹೇಳಿದ್ದು ಇಷ್ಟು: ತಮ್ಮ ಟ್ಯಾಕ್ಸಿಯ ಗಾಲಿಗಳ ಬಳಿ ಬ್ರೇಕ್ ಆಯಿಲ್ ಸದಾ ಜಿನುಗುತ್ತಿತ್ತು. ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದುದು ಅದರ ಮಟ್ಟವನ್ನು. ಸೀಟಿನ ಕೆಳಗೆ ಒಂದು ಡಬ್ಬಿ ಇದ್ದೇ ಇರುತ್ತಿತ್ತು. ಕಡಿಮೆಯಾದಷ್ಟನ್ನು ಸುರಿದು ಹೊರಡುತ್ತಿದ್ದರು. ಎರಡು ಮೂರು ತಿಂಗಳಿಗೊಮ್ಮೆ ರಬ್ಬರ್ ಬದಲಿಸಿ ಗಾಳಿ ತೆಗೆಸುತ್ತಿದ್ದರು. "ಹಳೆಯದಾಗಲು ಅದಕ್ಕೆ ಪುರುಸೊತ್ತೆಲ್ಲಿತ್ತು ದಾದಾ?" ಎಂದು ನಕ್ಕರು.

ನಮ್ಮ ಸಂದೇಹಕ್ಕೆ ಉತ್ತರ ಸಿಕ್ಕಿತು. ಮಟ್ಟ ನೋಡುವುದು ಸೋರುವ ಕಾಲದ ಅಭ್ಯಾಸ. ಅಂದಿನ ಅಪಾಯ ದ್ರವ ಖಾಲಿಯಾಗುವುದು. ಸೋರಿದ್ದನ್ನು ತುಂಬುತ್ತಿದ್ದುದರಿಂದ ದ್ರವ ತಾನಾಗಿಯೇ ಹೊಸದಾಗುತ್ತಿತ್ತು. ಇಂದಿನ ಕಾರುಗಳು ಸೋರುವುದಿಲ್ಲ. ಡಬ್ಬಿ ವರ್ಷಾನುಗಟ್ಟಲೆ ತುಂಬಿಯೇ ಇರುತ್ತದೆ. ಒಳಗಿರುವುದು ಹಳೆಯದಾಗುತ್ತಲೇ ಇರುತ್ತದೆ. ಮಟ್ಟ ಇಳಿದರೆ ಪ್ಯಾಡು ಸವೆದಿದೆ ಇಲ್ಲವೇ ಎಲ್ಲೋ ಸೋರಿದೆ ಎಂಬ ಸೂಚನೆಯುಂಟು, ಆದ್ದರಿಂದ ನೋಡುವುದು ಈಗಲೂ ಅಗತ್ಯ. ಆದರೆ ಮಟ್ಟ ಸರಿಯಿದೆ ಎಂಬುದು ದ್ರವ ಸರಿಯಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಕಚೇರಿಯಲ್ಲಿ ದಿನವೂ ನಮೂನೆಗಳಿಗೆ ಸಹಿ ಹಾಕುವ ನಮಗೆ ಆ ವರ್ಕ್‌ಶಾಪಿನ ಕಾಗದದ ಮೇಲೆ ಕೋಪ ಬರಲಿಲ್ಲ. ಕೇಳಿದ ಪ್ರಶ್ನೆ ಹಳೆಯ ಕಾಲದ್ದು. ಉತ್ತರ ಆ ಪ್ರಶ್ನೆಗೆ ಸರಿಯಾಗಿಯೇ ಇತ್ತು.

ಹಾಗಾದರೆ ಗುಣವನ್ನು ನೋಡುವುದು ಹೇಗೆ? ಬಣ್ಣದಿಂದ ಪೂರ್ತಿ ತಿಳಿಯದು. ತಿಳಿಜೇನಿನ ಬಣ್ಣದ ದ್ರವ ಚಹದ ಡಿಕಾಕ್ಷನ್ನಿನಂತಾಗಿದ್ದರೆ ಹಳೆಯದೆಂದು ಹೇಳಬಹುದು. ತಿಳಿಯಾಗಿದ್ದ ಮಾತ್ರಕ್ಕೆ ನೀರಿಲ್ಲವೆನ್ನಲಾಗದು. ಪೆನ್ನಿನಂತಹ ಪರೀಕ್ಷಕಗಳು ಸಿಗುತ್ತವೆ. ತುದಿಯನ್ನು ದ್ರವದಲ್ಲಿ ಅದ್ದಿದರೆ ವಿದ್ಯುತ್ ಹರಿಯುವ ಪ್ರಮಾಣದಿಂದ ತೇವವನ್ನು ಅಂದಾಜು ಮಾಡಿ ಹಸಿರು, ಹಳದಿ, ಕೆಂಪು ದೀಪ ತೋರಿಸುತ್ತವೆ. ನಾವು ಮೇಲಿನ ಡಬ್ಬಿಯಲ್ಲಿ ಅದ್ದಿದಾಗ ಹಳದಿ ಬಂದಿತು. ಹಿಂದಿನ ಗಾಲಿಯ ಬಳಿಯಿಂದ ತೆಗೆದ ದ್ರವದಲ್ಲಿ ಅದ್ದಿದಾಗ ಕೆಂಪು.

ಇದರಲ್ಲಿ ಬಾರಾನಗರಕ್ಕೆ ಸಂಬಂಧಪಟ್ಟ ಪಾಠವೊಂದಿದೆ. ಪ್ರಶಾಂತಚಂದ್ರ ಮಹಾಲನೋಬಿಸ್ 1931ರಲ್ಲಿ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ನಮ್ಮ ಬಿ.ಟಿ. ರೋಡಿನಲ್ಲಿಯೇ ಇದೆ. ನಮ್ಮ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಸುಮಾರು ನಾಲ್ಕು ದಶಕ ದುಡಿದ ಸಂಸ್ಥೆಯದು. ಬಂಗಾಳದ ಸೆಣಬಿನ ಬೆಳೆಯನ್ನು ಮಾದರಿ ಹೊಲಗಳಿಂದ ಅಂದಾಜು ಮಾಡುವ ಸಮೀಕ್ಷೆಯನ್ನು 1937ರಲ್ಲಿ ಮಹಾಲನೋಬಿಸ್ ಕೈಗೊಂಡಾಗ ಎದುರಾದ ಮೂಲ ಪ್ರಶ್ನೆ, ಯಾವ ಹೊಲವನ್ನು ಆರಿಸಬೇಕು ಎಂಬುದು. ರಸ್ತೆಯ ಬದಿಯ, ನೋಡಲು ಸುಲಭವಾದ ಹೊಲಗಳನ್ನಷ್ಟೇ ನೋಡಿದರೆ ಲೆಕ್ಕ ತಪ್ಪುತ್ತದೆ. ಬ್ರೇಕಿನ ಡಬ್ಬಿಯೂ ರಸ್ತೆಯ ಬದಿಯ ಹೊಲ. ಬಾನೆಟ್ ಎತ್ತಿದೊಡನೆ ಕೈಗೆ ಸಿಗುವ ಆ ದ್ರವ, ದೂರದ ಗಾಲಿಯಲ್ಲಿ ರಬ್ಬರ್ ಕೊಳವೆಯ ಪಕ್ಕದಲ್ಲಿ ಕುಳಿತು ಕಾಯುವ ದ್ರವದ ಸ್ಥಿತಿಯನ್ನು ಹೇಳಬೇಕೆಂದಿಲ್ಲ.

ಇನ್ನು ಬದಲಿಸಿದ ಬಗೆ. ನಮ್ಮದು ಎ.ಬಿ.ಎಸ್. ಇಲ್ಲದ ಹಳೆಯ ಕಾರು, ಆದ್ದರಿಂದ ಮನೆಯಲ್ಲಿ ಸಾಧ್ಯವಾಯಿತು. ಎ.ಬಿ.ಎಸ್. ಇರುವ ಕೆಲವು ಕಾರುಗಳಿಗೆ ಗಣಕಯಂತ್ರದ ಸಹಾಯ ಬೇಕು. ಅಂಥವರು ಕಾರಿನ ಕೈಪಿಡಿಯನ್ನು ನೋಡದೆ ಕೈಹಾಕಬಾರದು. ಡಬ್ಬಿಯ ಮುಚ್ಚಳದ ಮೇಲೆ ಯಾವ ದರ್ಜೆಯ ದ್ರವ ಬೇಕೆಂದು ಅಚ್ಚಾಗಿರುತ್ತದೆ. ಅದನ್ನೇ, ಮೊಹರು ಒಡೆಯದ ಡಬ್ಬಿಯಲ್ಲಿ ಕೊಳ್ಳಬೇಕು. ಕಳೆದ ವರ್ಷ ಒಡೆದು ಉಳಿಸಿದ್ದು ಆಗಲೇ ತೇವ ಕುಡಿದಿರುತ್ತದೆ. ಸಣ್ಣ ಕಾರಿಗೆ ಒಂದು ಲೀಟರ್ ಧಾರಾಳ.

ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಕೊಟ್ಟು, ಎತ್ತಿದ ಕಡೆ ಜ್ಯಾಕನ್ನು ಮಾತ್ರ ನಂಬದೆ ಸ್ಟ್ಯಾಂಡ್ ಇಟ್ಟೆವು. ಕೈಗವಸು, ಕನ್ನಡಕ ಹಾಕಿಕೊಂಡೆವು. ಈ ದ್ರವ ಕಣ್ಣಿಗೂ ಹೊಟ್ಟೆಗೂ ವಿಷ, ಕಾರಿನ ಬಣ್ಣಕ್ಕೂ ವೈರಿ. ಚೆಲ್ಲಿದರೆ ತೊಳೆಯಲು ಒಂದು ಚೊಂಬು ನೀರು ಪಕ್ಕದಲ್ಲಿತ್ತು. ಮುಚ್ಚಳದ ಸುತ್ತಲಿನ ದೂಳನ್ನು ಒರೆಸಿ, ಮೇಲಿನ ಹಳೆಯ ದ್ರವವನ್ನು ಸಿರಿಂಜಿನಿಂದ ತೆಗೆದು ಹೊಸದನ್ನು ತುಂಬಿದೆವು. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಗಾಲಿಯಿಂದ ಆರಂಭಿಸುವುದು ರೂಢಿ. ಬಲಗಡೆ ಸ್ಟಿಯರಿಂಗ್ ಇರುವ ನಮ್ಮ ಕಾರಿನಲ್ಲಿ ಅದು ಹಿಂದಿನ ಎಡಗಾಲಿ, ಆಮೇಲೆ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಕೈಪಿಡಿ ಬೇರೆ ಕ್ರಮ ಹೇಳಿದರೆ ಅದೇ ಸರಿ.

ಪ್ರತಿ ಗಾಲಿಯ ಹಿಂದೆ ಒಂದು ಸಣ್ಣ ನಿಪ್ಪಲ್ ಇರುತ್ತದೆ. ಅದಕ್ಕೆ ರಿಂಗ್ ಸ್ಪ್ಯಾನರ್ ಕೂರಿಸಿ, ಪಾರದರ್ಶಕ ಕೊಳವೆಯನ್ನು ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ದ್ರವವಿರುವ ಬಾಟಲಿಯಲ್ಲಿ ಮುಳುಗಿಸಬೇಕು. ಮುಂದಿನದು ಇಬ್ಬರ ಕೆಲಸ. ಶ್ರೀಮತಿಯವರು ಚಾಲಕನ ಸೀಟಿನಲ್ಲಿ, ನಾವು ಗಾಲಿಯ ಬಳಿ. 'ಒತ್ತು' ಎಂದರೆ ಅವರು ಪೆಡಲನ್ನು ಮೆಲ್ಲಗೆ ಒತ್ತುತ್ತಾರೆ. ನಾವು ನಿಪ್ಪಲನ್ನು ಕಾಲು ಸುತ್ತು ಸಡಿಲಿಸುತ್ತೇವೆ, ಕಪ್ಪು ದ್ರವ ಕೊಳವೆಯಲ್ಲಿ ಇಳಿಯುತ್ತದೆ. 'ಹಿಡಿ' ಎಂದರೆ ಪೆಡಲನ್ನು ಹಾಗೆಯೇ ಹಿಡಿದಿರಬೇಕು. ನಾವು ನಿಪ್ಪಲನ್ನು ಬಿಗಿ ಮಾಡುತ್ತೇವೆ. ಬಿಗಿಯಾದ ಮೇಲೆಯೇ 'ಬಿಡು'. ಈ ಕ್ರಮ ತಪ್ಪಿ ನಿಪ್ಪಲ್ ತೆರೆದಿರುವಾಗ ಕಾಲು ತೆಗೆದರೆ ಗಾಳಿ ಒಳಸೇರುತ್ತದೆ, ಮಾಡಿದ ಕೆಲಸವೆಲ್ಲ ವ್ಯರ್ಥ. ಹಳೆಯ ಕಾರಿನಲ್ಲಿ ಪೆಡಲನ್ನು ನೆಲ ಮುಟ್ಟುವವರೆಗೆ ಒತ್ತಬಾರದು. ಎಂದೂ ಓಡಾಡದ ಜಾಗದ ತುಕ್ಕಿನ ಮೇಲೆ ಹರಿದು ರಬ್ಬರ್ ಕಪ್ ಹರಿಯಬಹುದು. ಅದಕ್ಕಾಗಿ ಪೆಡಲಿನ ಕೆಳಗೆ ಒಂದು ಮರದ ತುಂಡನ್ನು ಇಟ್ಟಿದ್ದೆವು. ಮೇಲಿನ ಡಬ್ಬಿ ಬರಿದಾಗದಂತೆ ನೋಡಿಕೊಂಡು ಹೊಸ ದ್ರವ ಸುರಿಯುವ ಕೆಲಸ ಮಗನದು. ಒತ್ತು, ಹಿಡಿ, ಬಿಡು ಎಂಬ ಮೂರು ಕನ್ನಡ ಮಾತುಗಳು ಆ ಭಾನುವಾರ ಬೆಳಿಗ್ಗೆ ಎಷ್ಟು ಸಲ ಗಲ್ಲಿಯಲ್ಲಿ ಕೇಳಿದವೆಂದರೆ, ನೋಡುತ್ತ ನಿಂತಿದ್ದ ನೆರೆಮನೆಯ ಮಗು ಮಧ್ಯಾಹ್ನದವರೆಗೂ ಅವನ್ನು ಹೇಳಿಕೊಂಡು ತಿರುಗಿತು.

ಕೊಳವೆಯಲ್ಲಿ ತಿಳಿಯಾದ, ಗುಳ್ಳೆಯಿಲ್ಲದ ದ್ರವ ಕಂಡ ಮೇಲೆ ಆ ಗಾಲಿ ಮುಗಿದಂತೆ. ನಾಲ್ಕೂ ಮುಗಿಸಿ, ನಿಪ್ಪಲುಗಳನ್ನು ಅತಿಯಾಗಿ ಅಲ್ಲದೆ ಬಿಗಿ ಮಾಡಿ, ಎಂಜಿನ್ ಚಾಲೂ ಮಾಡಿ ಪೆಡಲನ್ನು ಒತ್ತಿ ಹಿಡಿದು, ಎಲ್ಲಿಯೂ ಜಿನುಗಿಲ್ಲವೆಂದು ಕಂಡುಕೊಂಡೆವು. ಗಲ್ಲಿಯಲ್ಲಿಯೇ ನಡಿಗೆಯ ವೇಗದಲ್ಲಿ ನಾಲ್ಕಾರು ಸಲ ನಿಲ್ಲಿಸಿ ನೋಡಿದ ಬಳಿಕವೇ ದೊಡ್ಡ ರಸ್ತೆಗೆ ಹೋದದ್ದು. ಪೆಡಲು ಮೆತ್ತಗೆ ಎನಿಸಿದ್ದರೆ ಹೋಗುತ್ತಿರಲಿಲ್ಲ, ಮೆಕ್ಯಾನಿಕನನ್ನು ಮನೆಗೇ ಕರೆಸುತ್ತಿದ್ದೆವು. ಹಳೆಯ ದ್ರವವನ್ನು ಚರಂಡಿಗೆ ಚೆಲ್ಲಲಿಲ್ಲ. ಇಲ್ಲಿಯ ಚರಂಡಿಗಳು ಎಲ್ಲಿಗೆ ಹೋಗುತ್ತವೆಂದು ನಮಗೆ ತಿಳಿದಿದೆ. ಬಾಟಲಿಯಲ್ಲಿ ಮುಚ್ಚಿ, ಹಳೆಯ ಎಂಜಿನ್ ಆಯಿಲನ್ನು ಸಂಗ್ರಹಿಸುವ ಗ್ಯಾರೇಜಿಗೆ ಬೇರೆಯಾಗಿಯೇ ಕೊಟ್ಟೆವು.

ಕೊನೆಗೆ ಮಗ ಒಂದು ಬಿಳಿಯ ಪಟ್ಟಿಯ ಮೇಲೆ ಅಂದಿನ ತಾರೀಖನ್ನೂ, ಕೆಳಗೆ ಎರಡು ವರ್ಷಗಳ ನಂತರದ ತಾರೀಖನ್ನೂ ಕನ್ನಡದಲ್ಲಿ ಬರೆದು ಡಬ್ಬಿಯ ಪಕ್ಕಕ್ಕೆ ಅಂಟಿಸಿದ. ಡಬ್ಬಿಯ ಮೈಮೇಲೆ ಮಟ್ಟದ ಎರಡು ಗೆರೆಗಳನ್ನು ಕಾರ್ಖಾನೆಯವರು ಕೊಟ್ಟಿದ್ದರು. ಕಾಲದ ಗೆರೆ ಇರಲಿಲ್ಲ, ಅದನ್ನು ನಾವು ಸೇರಿಸಿದೆವು.

ಸಂಜೆ ಮೈಸೂರಿನಿಂದ ಅಮ್ಮ ಫೋನ್ ಮಾಡಿದರು. ಆ ಇಳಿಜಾರಿನ ಬಗ್ಗೆ ಅವರು ಅದುವರೆಗೆ ಒಂದು ಮಾತೂ ಆಡಿರಲಿಲ್ಲ. "ಆ ಬ್ರೇಕಿನ ಎಣ್ಣೆ ಬದಲಾಯಿಸಿದ್ಯೇನೋ?" ಎಂದರು. ಅದು ಎಣ್ಣೆಯಲ್ಲವೆಂದು ವಿವರಿಸಲು ನಮಗೆ ಮನಸ್ಸಾಗಲಿಲ್ಲ. ಬದಲಾಯಿಸಿದೆವಮ್ಮ, ನಾವೇ ಬದಲಾಯಿಸಿದೆವು ಎಂದೆವು. ಹಾಗಾದರೆ ಬೇಸಿಗೆಗೆ ಇನ್ನೊಮ್ಮೆ ಬರುತ್ತೇನೆ ಎಂದರು.